ಕೇಳದವರಿಗೆ ಕಳಿಸಿದ ಮೇಲ್‌ಗಳು

ಸಂಶಯದ ಜನರ ನಡುವೆ ಬದುಕುವವರು ಪೊಲೀಸರು, ವಕೀಲರು, ಜ್ಯೋತಿಷಿಗಳು, ಈ ಮೂವರೇ ಅಂತ ನಾನು ತಿಳಿದಿದ್ದೆ. ಶಿವಮೊಗ್ಗದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟು, ಅಂಗಡಿಯವರ ಪರವಾಗಿ ಊರವರಿಗೆಲ್ಲ ಮೇಲ್ ಕಳಿಸುವ ಕೆಲಸಕ್ಕೆ ಕೈ ಹಾಕಿದ ಮೇಲೆ ನಾಲ್ಕನೆಯವರು ನಾವು ಅಂತ ಗೊತ್ತಾಯಿತು. ಈಗಲೂ ಒಂದು ವಾರ ಯಾರೂ ಬಂದು ನನ್ನನ್ನು ಕಳ್ಳಿಯ ಹಾಗೆ ನೋಡದಿದ್ದರೆ, ಏನೋ ತಪ್ಪಿದೆ ಅನ್ನಿಸುತ್ತದೆ.

ನಾನು ಹುಟ್ಟಿದ್ದು ಭದ್ರಾವತಿ, ಮದುವೆಯಾಗಿ ಬಂದದ್ದು ಶಿವಮೊಗ್ಗದ ಹೊಸಮನೆ ಬಡಾವಣೆಗೆ. ಇಪ್ಪತ್ತು ವರ್ಷ ಟೈಪಿಂಗ್ ಹೇಳಿಕೊಟ್ಟೆ. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ಅದೇ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟು ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ವೆಬ್‌ಸೈಟು ಅಂತ ಶುರು ಮಾಡಿದೆ. ಆಮೇಲೆ ಒಂದು ಬೋರ್ಡು ಬರೆಸಿದೆ: ನಿಮ್ಮ ವ್ಯಾಪಾರದ ವಿಷಯ ಒಂದೇ ಗಳಿಗೆಯಲ್ಲಿ ಸಾವಿರಾರು ಜನರ ಮೇಲ್‌ಗೆ. ಆ ಬೋರ್ಡು ಬರೆಸಿದವಳು ನಾನೇ ಆದ್ದರಿಂದ ಮುಂದಿನದ್ದೆಲ್ಲ ಅನುಭವಿಸಿದವಳೂ ನಾನೇ.

ಜೊತೆಗೆ ನನ್ನ ನಾದಿನಿ ಇದ್ದಳು. ಅವಳು ಒಂದು ಸಹಕಾರಿ ಸೊಸೈಟಿಯಲ್ಲಿ ಸಹಿ ತಾಳೆ ನೋಡುವ ಕೆಲಸ ಮಾಡಿ ನಿವೃತ್ತಳಾದವಳು. ಯಾರನ್ನೂ ನಂಬಿ ಅಭ್ಯಾಸವಿಲ್ಲ. ತನ್ನ ಸಹಿಯನ್ನೇ ಎರಡು ಸಲ ನೋಡುತ್ತಾಳೆ. ಅಂಗಡಿಯಲ್ಲಿ ಫೋನ್ ಎತ್ತುವುದು ಅವಳ ಪಾಲಿಗೆ ಬಂತು.

ಬೇಡವಾದ ಹಲ್ಲು

ಬೋರ್ಡು ಹಾಕಿದ ಎರಡನೇ ವಾರ ಒಬ್ಬ ಮನುಷ್ಯ ಬಂದ. ಶರ್ಟಿನ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟು, ಇದರಲ್ಲಿ ಶಿವಮೊಗ್ಗ ಭದ್ರಾವತಿ ಎರಡೂ ಊರಿನ ಜನರ ಮೇಲ್ ವಿಳಾಸ ಇದೆ, ಡಾಕ್ಟರು, ಮೇಷ್ಟ್ರು, ಆಫೀಸರು ಎಲ್ಲ ಬೇರೆ ಬೇರೆ ಮಾಡಿ ಇಟ್ಟಿದ್ದೀನಿ ಅಂದ. ಎಲ್ಲಿಂದ ಬಂತು ಅಂತ ನಾದಿನಿ ಕೇಳಿದಳು. ಸಿಕ್ಕಿತು ಅಂದ. ಸಿಕ್ಕಿತು ಅಂದರೆ ದಾರಿಯಲ್ಲಿ ಬಿದ್ದಿತ್ತಾ ಅಂತ ಅವಳು ಮತ್ತೆ ಕೇಳಿದಳು. ಅವನು ಅವಳ ಕಡೆ ನೋಡದೆ ನನ್ನ ಹತ್ತಿರ ಮಾತು ಮುಂದುವರಿಸಿದ. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ದುಡ್ಡು ಕೊಟ್ಟು ತಗೊಂಡೆ.

ಮೊದಲ ಗಿರಾಕಿ ಒಬ್ಬ ಹಲ್ಲಿನ ಡಾಕ್ಟರು. ಹೊಸದಾಗಿ ಕ್ಲಿನಿಕ್ ತೆರೆದಿದ್ದರು. ಗುರುತಿಲ್ಲದವರಿಗೆ ಹೀಗೆ ಕಳಿಸಿದರೆ ಜನ ಬೇಜಾರು ಮಾಡಿಕೊಳ್ಳುವುದಿಲ್ಲವೇ ಅಂತ ಒಂದು ಸಲ ಕೇಳಿದರು. ಎಲ್ಲರೂ ಕಳಿಸ್ತಾರೆ ಡಾಕ್ಟ್ರೆ ಅಂದೆ. ಸಮಾಧಾನವಾಯಿತು. ಇಬ್ಬರೂ ಕೂತು, ನಿಮ್ಮ ಹಲ್ಲುಗಳ ಬಗ್ಗೆ ನಿಮಗಿಂತ ಹೆಚ್ಚಿನ ಕಾಳಜಿ ನಮಗಿದೆ ಅಂತ ಒಂದು ಒಕ್ಕಣೆ ಬರೆದು ಇಡೀ ಪಟ್ಟಿಗೆ ಕಳಿಸಿದೆವು.

ಅವರು ಕ್ಲಿನಿಕ್ಕಿಗೆ ಹೋಗಿ ಕೂತಿರಬೇಕು, ಅಷ್ಟರಲ್ಲಿ ಫೋನ್ ಬಂತು. ಆ ಮೇಲ್ ಅವರಿಗೂ ಬಂದಿತ್ತು. ಕ್ಲಿನಿಕ್ಕಿನ ವಿಳಾಸಕ್ಕಲ್ಲ, ಮನೆಯವರಿಗೆ ಮಾತ್ರ ಗೊತ್ತಿರುವ ಸ್ವಂತ ವಿಳಾಸಕ್ಕೆ. ಯಾರಿಗೂ ಕೊಡದ ವಿಳಾಸ ನಿಮ್ಮ ಪಟ್ಟಿಗೆ ಹೇಗೆ ಬಂತು, ಯಾರು ಮಾರಿದರು, ಇನ್ನು ಯಾರ್ಯಾರ ಹತ್ತಿರ ಇದೆ ಅಂತ ಒಂದರ ಮೇಲೊಂದು ಪ್ರಶ್ನೆ. ತಪ್ಪಾಯಿತು ಡಾಕ್ಟ್ರೆ, ಬೇಕಾದರೆ ಇಡೀ ಪಟ್ಟಿಯನ್ನೇ ತೆಗೆದು ಹಾಕ್ತೀನಿ ಅಂದೆ.

ಅವರು ಅಂದರು, "ಇಡೀ ಪಟ್ಟಿ ಬೇಡ. ನನ್ನದೊಂದು ತೆಗೀರಿ. ಬೇರೆಯವರಿಗೆ ಹಲ್ಲು ನೋವಿರಬಹುದು."

ಮೂರು ಪ್ರತಿಗಳಲ್ಲಿ

ನಾವು ಕಳಿಸುವ ಮೇಲ್‌ಗಳ ಕೊನೆಯಲ್ಲಿ ಒಂದು ಸಾಲು ಇರುತ್ತಿತ್ತು. ಇಂಥ ಮೇಲ್ ಬೇಡವಾದರೆ ಇಲ್ಲಿ ಒತ್ತಿ. ಅದನ್ನು ಹಾಕಿದರೆ ನಾವು ಮರ್ಯಾದಸ್ತರು ಅಂತ ತೋರುತ್ತದೆ ಅಂತ ಎಲ್ಲೋ ಓದಿ ಹಾಕಿದ್ದೆ.

ಒಂದು ದಿನ ಬೆಳಿಗ್ಗೆ ಬಾಗಿಲು ತೆಗೆಯುವುದರೊಳಗೆ ನಮ್ಮ ಹೊಸಮನೆಯವರೇ ಆದ ನಿವೃತ್ತ ಹೆಡ್‌ಮಾಸ್ಟರು ಒಬ್ಬರು ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಒಳಗೆ ಬಂದು ಕೂತು, ಡಾಕ್ಟರ ಮೇಲ್ ಪ್ರಿಂಟ್ ಮಾಡಿಸಿದ್ದನ್ನು ಹರವಿದರು. ಕೊನೆಯ ಸಾಲಿಗೆ ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದರು, ಉತ್ತರ ಪತ್ರಿಕೆಯಲ್ಲಿ ಎಳೆದ ಹಾಗೆ.

"ಇಲ್ಲಿ ಒತ್ತಿ ಅಂತ ಬರೆದಿದ್ದೀರಲ್ಲಮ್ಮ. ಒತ್ತಿದರೆ ಏನಾಗುತ್ತೆ?"

"ಮೇಲ್ ಬರೋದು ನಿಲ್ಲುತ್ತೆ ಸಾರ್."

"ಅದು ನೀವು ಹೇಳೋದು."

ಗುರುತಿಲ್ಲದವರು ಒತ್ತು ಅಂದ ಕಡೆ ಒತ್ತಬಾರದು ಅಂತ ಪೇಪರಿನವರು ದಿನಾ ಬರೆಯುತ್ತಾರೆ, ಒತ್ತಿದ ಒಬ್ಬರ ಪೆನ್ಶನ್ ಖಾತೆಯೇ ಖಾಲಿಯಾಯಿತಂತೆ, ಹಾಗಾಗಿ ನಾನು ಒತ್ತುವುದಿಲ್ಲ ಅಂದರು. ಒತ್ತದೆ ಇದ್ದರೆ ಮೇಲ್ ನಿಲ್ಲುವುದಿಲ್ಲ. ಎರಡು ದಿನ ಯೋಚನೆ ಮಾಡಿ, ಖುದ್ದಾಗಿ ಬಂದು ನಿಲ್ಲಿಸುವುದೇ ಸರಿ ಅಂತ ತೀರ್ಮಾನಿಸಿದ್ದರು. ಫೈಲಿನಿಂದ ಅರ್ಜಿ ಹೊರಗೆ ಬಂತು. ಇವರಿಂದ, ಇವರಿಗೆ, ವಿಷಯ, ಉಲ್ಲೇಖ, ಎಲ್ಲ ಕ್ರಮವಾಗಿ. ಮೂರು ಪ್ರತಿ. ಒಂದು ನಮಗೆ, ಒಂದು ಅವರಿಗೆ, ಮೂರನೆಯದು ಯಾರಿಗೆ ಅಂದರೆ, ಮುಂದೆ ಬೇಕಾಗಬಹುದು ಅಂದರು.

ಸೀಲು ಹಾಕಿ ಕೊಡಿ ಅಂದರು. ನಮ್ಮ ಹತ್ತಿರ ಇದ್ದದ್ದು ಹಳೇ ಟೈಪಿಂಗ್ ಶಾಲೆಯ ಸೀಲು. ನಾದಿನಿ ಅದನ್ನೇ ಹುಡುಕಿ ತೆಗೆದು ಮೂರಕ್ಕೂ ಒತ್ತಿ, ತಾರೀಖು ಹಾಕಿ ಕೊಟ್ಟಳು. ಒಬ್ಬರು ಇಷ್ಟು ಶಿಸ್ತಾಗಿ ಸಂಶಯ ಪಡುವುದನ್ನು ಕಂಡು ಅವಳಿಗೆ ಅವರ ಮೇಲೆ ಗೌರವ ಹುಟ್ಟಿತ್ತು. ನಾನು ಅವರ ಎದುರಿಗೇ ಪಟ್ಟಿ ತೆಗೆದು ಅವರ ವಿಳಾಸ ಅಳಿಸಿದೆ. ಅಳಿಸಿದ್ದು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರು. ಕಂಪ್ಯೂಟರಿನ ಕಸದ ಬುಟ್ಟಿಗೆ ಅಂದೆ. ಅದನ್ನೂ ಖಾಲಿ ಮಾಡಿಸಿದರು.

ಬಾಗಿಲ ತನಕ ಹೋದವರು ತಿರುಗಿ ನಿಂತು, ನನ್ನ ವಿಳಾಸ ನಿಮ್ಮಲ್ಲಿ ಇಲ್ಲ ಅಂತ ಒಂದು ದೃಢೀಕರಣ ಮೇಲ್ ಮಾಡಿಬಿಡಿ ಅಂದರು. ವಿಳಾಸವೇ ಇಲ್ಲವಲ್ಲ ಸಾರ್, ಎಲ್ಲಿಗೆ ಮಾಡಲಿ ಅಂದೆ.

"ಅರ್ಜಿಯಲ್ಲಿ ಬರೆದಿದ್ದೀನಲ್ಲಮ್ಮ. ನೋಡಿಕೊಂಡು ಮಾಡಿ. ಫೈಲು ಮಾತ್ರ ಜೋಪಾನ."

ಎದುರು ಬೇಕರಿ

ಭದ್ರಾವತಿಯಲ್ಲಿ ನಮ್ಮ ಅಪ್ಪನ ಕಾಲದಿಂದ ಪರಿಚಯದ ಒಂದು ಬೇಕರಿ ಇದೆ. ಯಜಮಾನರ ಮನೆಮಾತು ತಮಿಳು, ವ್ಯಾಪಾರದ ಮಾತು ಕನ್ನಡ, ಸಿಟ್ಟು ಬಂದರೆ ಎರಡೂ. ಅವರ ಬೆಣ್ಣೆ ಬಿಸ್ಕತ್ತಿಗೆ ನಾನು ಬೇಕರಿಯದೇ ವಿಳಾಸದಿಂದ ವಾರಕ್ಕೆ ನಾಲ್ಕು ಮೇಲ್ ಕಳಿಸುತ್ತಿದ್ದೆ. ಒಂದೇ ಸಾಕು ಅಂತ ಅನ್ನಿಸಲಿಲ್ಲ. ಬಿಸ್ಕತ್ತು ಚೆನ್ನಾಗಿತ್ತು, ಪೆನ್‌ಡ್ರೈವ್ ಇತ್ತು, ನನಗೂ ಹುಮ್ಮಸ್ಸಿತ್ತು.

ಅಲ್ಲಿಯ ಒಂದು ಫ್ಯಾಕ್ಟರಿಯ ಕ್ಯಾಂಟೀನಿನವರು ಬಿಸ್ಕತ್ತು ಬ್ರೆಡ್ಡಿಗೆ ಕೊಟೇಶನ್ ಕರೆದರು. ಶನಿವಾರದೊಳಗೆ ಮೇಲ್‌ನಲ್ಲೇ ಕಳಿಸಬೇಕು. ಇವರು ಸೋಮವಾರವೇ ಕಳಿಸಿದರು. ಸಿಕ್ಕಿದರೆ ವರ್ಷವಿಡೀ ಒಲೆ ಆರದು ಅನ್ನುವಂಥ ಆರ್ಡರು. ಗುರುವಾರದ ತನಕ ಉತ್ತರ ಇಲ್ಲ. ಕ್ಯಾಂಟೀನ್ ಮ್ಯಾನೇಜರಿಗೆ ಫೋನ್ ಮಾಡಿದರೆ, ನಿಮ್ಮದು ಬಂದೇ ಇಲ್ಲ ಅಂದರಂತೆ.

ಬೇಕರಿಯವರಿಗೆ ಮೊದಲು ಸಂಶಯ ಬಂದದ್ದು ಮ್ಯಾನೇಜರ ಮೇಲೆ. ರಸ್ತೆಯ ಎದುರು ಬದಿಯ ಬೇಕರಿಯವರು ಅವರನ್ನು ಒಳಗೆ ಹಾಕಿಕೊಂಡಿದ್ದಾರೆ ಅಂತ. ಆಮೇಲೆ ತಮ್ಮ ಷಡ್ಡಕನ ಮೇಲೆ, ಅವರು ಎದುರು ಬೇಕರಿಯಲ್ಲಿ ಟೀ ಕುಡಿಯುತ್ತಾರೆ ಅಂತ. ಕೊನೆಗೆ ನನಗೆ ಫೋನ್ ಮಾಡಿ ವಿಷಯ ಹೇಳಿದರು. ಅವರು ಸಂಶಯ ಪಡದೆ ಬಿಟ್ಟಿದ್ದು ನನ್ನೊಬ್ಬಳನ್ನೇ. ಕೇಳಿದ ಕೂಡಲೇ ಆದದ್ದೇನು ಅಂತ ನನಗೆ ಹೊಳೆಯಿತು. ಒಂದೇ ವಿಳಾಸದಿಂದ ಬೇಡದ ಮೇಲ್ ಮೇಲಿಂದ ಮೇಲೆ ಬಂದರೆ ಜನ ಅದನ್ನು ಸ್ಪ್ಯಾಮ್ ಅಂತ ಗುರುತು ಹಾಕುತ್ತಾರೆ. ಸಾಕಷ್ಟು ಜನ ಹಾಕಿದರೆ ಆಮೇಲೆ ಆ ವಿಳಾಸದಿಂದ ನಿಜವಾದ ಕಾಗದ ಹೋದರೂ ಕಸದ ಡಬ್ಬಕ್ಕೇ ಹೋಗುತ್ತದೆ. ಬೇಕರಿಯ ಹೆಸರಿಗೆ ಆ ಗುರುತು ಹಾಕಿಸಿದವಳು ನಾನು.

ಬೆಳಿಗ್ಗೆಯ ಬಸ್ಸು ಹಿಡಿದು ಭದ್ರಾವತಿಗೆ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳುವುದು ಅಂತ ಯೋಚನೆ. ಬೇಕರಿಯಲ್ಲಿ ಬಿಸಿ ಬನ್ನು ಕೊಟ್ಟು ಕೂರಿಸಿದರು. ಬನ್ನು ಬದಿಗಿಟ್ಟೆ. ಇದ್ದದ್ದನ್ನು ಹೇಳಿದೆ. ಅವರಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಮುಖ ಸಣ್ಣದಾಯಿತು. ಇಬ್ಬರೂ ಕ್ಯಾಂಟೀನ್ ಆಫೀಸಿಗೆ ಹೋದೆವು.

ಮ್ಯಾನೇಜರು ಒಳ್ಳೆಯವರು. ಸ್ಪ್ಯಾಮ್ ಅಂತ ಇರುವ ಕಡೆ ಒಂದು ಸಲ ನೋಡಿ ಸಾರ್ ಅಂದೆ. ಅಲ್ಲಿಗೆ ನಾನು ಕಾಲೇ ಇಡೋದಿಲ್ಲ, ಅಲ್ಲಿಗೆ ಬರೋರೆಲ್ಲ ಕಳ್ಳರು ಅಂತ ಹೇಳುತ್ತಲೇ ತೆಗೆದರು. ಮೇಲುಗಡೆ ಲಾಟರಿ ಬಂದಿದೆ ಅನ್ನುವ ಮೇಲ್. ಅದರ ಕೆಳಗೆ ಬೋಳು ತಲೆಗೆ ಎಣ್ಣೆ. ಅದರ ಕೆಳಗೆ ಯಾವುದೋ ದೇಶದ ವಿಧವೆ ತನ್ನ ಬಂಗಾರವನ್ನೆಲ್ಲ ಮ್ಯಾನೇಜರಿಗೆ ಬಿಟ್ಟು ಹೋಗುತ್ತೇನೆ ಅಂತ ಬರೆದಿದ್ದಳು. ಅವಳ ಪಕ್ಕದಲ್ಲಿ ನಮ್ಮ ಬೇಕರಿಯ ಕೊಟೇಶನ್ ಕೂತಿತ್ತು. ಮೂರು ತಲೆಮಾರಿನಿಂದ ಭದ್ರಾವತಿಗೆ ಬ್ರೆಡ್ಡು ತಿನ್ನಿಸಿದ ಯಜಮಾನರು ಆ ಸಾಲನ್ನು ಒಂದು ನಿಮಿಷ ನೋಡುತ್ತಾ ನಿಂತರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮ್ಯಾನೇಜರು ಇನ್ನೂ ಸ್ವಲ್ಪ ಕೆಳಗೆ ಹೋದರು. ಅಲ್ಲಿ ಎದುರು ಬೇಕರಿಯವರ ಕೊಟೇಶನ್ ಇತ್ತು.

ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಅಮ್ಮಾ, ಅವರ ಪರವಾಗಿ ಮೇಲ್ ಕಳಿಸೋದೂ ನೀವೇನಾ?"

ನಾನು ತಲೆ ತಗ್ಗಿಸಿ ಹೌದು ಅಂದೆ.

ಅವರು ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತರು. "ಹಂಗಾದ್ರೆ ಪರವಾಗಿಲ್ಲ ಬಿಡಿ."

ವಕೀಲರ ಅರಿವು

ಕೊನೆಗೆ ಬಿಸ್ಕತ್ತು ಇವರಿಗೂ ಬ್ರೆಡ್ಡು ಎದುರಿನವರಿಗೂ ಆಯಿತು, ಆದರೆ ನನಗೆ ಹೆದರಿಕೆ ಹತ್ತಿತು. ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ವಕೀಲರಿದ್ದಾರೆ. ನಾದಿನಿಯನ್ನು ಕರಕೊಂಡು ಮೇಲೆ ಹೋಗಿ, ನಾನು ಮಾಡುತ್ತಿರುವುದು ಅಪರಾಧವೋ ಅಲ್ಲವೋ ಅಂತ ಕೇಳಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡು ಸಾವಕಾಶವಾಗಿ ಹೇಳಿದರು. ಜಾಹೀರಾತಿನ ಫೋನು, ಮೆಸೇಜು ಬೇಡ ಅಂತ ಹೆಸರು ನೋಂದಾಯಿಸಲು ನಮ್ಮಲ್ಲಿ ವ್ಯವಸ್ಥೆ ಇದೆ. ಮೇಲ್‌ಗೆ ಅಂತಲೇ ಹಾಗೆ ಬೇರೆ ಕಾನೂನು ಇಲ್ಲ. ನನಗೆ ಜೀವ ಬಂದಂತಾಯಿತು. ಆದರೆ ಅಂತ ಅವರು ಮುಂದುವರಿಸಿದರು. ವಕೀಲರ ಮಾತಿನಲ್ಲಿ ತೂಕ ಇರುವುದು ಆದರೆಯ ಆಚೆಗೆ. ಜನರ ಸ್ವಂತ ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಇಟ್ಟುಕೊಂಡು ಬಳಸಬಾರದು ಅಂತ ಹೊಸ ಕಾನೂನು ಬಂದಿದೆ. ಕೊಂಡ ಪಟ್ಟಿ ಅಂದರೆ ಒಪ್ಪಿಗೆ ಎಲ್ಲಿದೆ? ಒಕ್ಕಣೆಯಲ್ಲಿ ಸುಳ್ಳಿದ್ದರೆ ಮೋಸದ ಕೇಸು. ಇನ್ನೊಬ್ಬರ ಹೆಸರಲ್ಲಿ ಕಳಿಸಿದರೆ ಅದು ಬೇರೆಯೇ ಕೇಸು. ಮೇಲ್ ಹೊರದೇಶದವರಿಗೆ ಹೋದರೆ ಅವರ ದೇಶದ ಕಾನೂನು ಇನ್ನೂ ಬಿಗಿ.

ನಾದಿನಿ ನನ್ನ ಕಡೆ ನೋಡಿದ ನೋಟದಲ್ಲಿ, ದಾರಿಯಲ್ಲಿ ಬಿದ್ದಿತ್ತಾ ಅಂತ ಆವತ್ತೇ ಕೇಳಿದ್ದೆ ಅನ್ನುವುದು ಪೂರ್ತಿ ಇತ್ತು. ನಾನು ಅಲ್ಲೇ ಕೂತು, ಆ ಪೆನ್‌ಡ್ರೈವ್ ಇವತ್ತೇ ಮುರಿದು ಹಾಕ್ತೀನಿ, ಇನ್ನು ಒಪ್ಪಿಗೆ ಕೊಟ್ಟವರಿಗೆ ಮಾತ್ರ ಕಳಿಸ್ತೀನಿ ಅಂತ ಹೇಳಿದೆ. ವಕೀಲರು ತುಂಬ ಮೆಚ್ಚಿಕೊಂಡರು. ನಾವು ಎದ್ದು ಬಾಗಿಲಿಗೆ ಬಂದಾಗ ಸ್ವಲ್ಪ ದನಿ ತಗ್ಗಿಸಿ, ಮುರಿಯೋ ಮುಂಚೆ ನಮ್ಮದೂ ಒಂದು ಕಳಿಸಿಬಿಡಿ ಅಂದರು.

ವಕೀಲರು ಜಾಹೀರಾತು ಕೊಡುವ ಹಾಗಿಲ್ಲವಲ್ಲ ಅಂತ ನಾದಿನಿ ನೆನಪಿಸಿದಳು. ಜಾಹೀರಾತು ಅಲ್ಲಮ್ಮ, ಕಾನೂನು ಅರಿವು ಅಂದರು ಅವರು. ಆಗಲೇ ಬರೆದಿಟ್ಟುಕೊಂಡಿದ್ದ ಚೀಟಿ ಕೊಟ್ಟರು. ಅವಳು ಅದನ್ನು ಎರಡು ಸಲ ಓದಿ ಕೇಳಿದಳು, "ಅರಿವಿನ ಕೆಳಗೆ ನಿಮ್ಮ ಫೋನ್ ನಂಬರ್ ಯಾಕಿದೆ?"

"ಅರಿವು ಜಾಸ್ತಿ ಬೇಕಾದವರಿಗೆ."

ಕಳಿಸಲಿಲ್ಲ. ಪೆನ್‌ಡ್ರೈವನ್ನು ನಾದಿನಿಯೇ ಅಡಕೆ ಕತ್ತರಿಯಲ್ಲಿ ಇಟ್ಟು ಎರಡು ಹೋಳು ಮಾಡಿದಳು.

ಗಾಜನೂರಿನ ನಾಯಿ

ಇನ್ನು ತೊಂದರೆ ಇಲ್ಲ ಅಂದುಕೊಂಡಿದ್ದೆ. ಗಾಜನೂರಿನ ಹತ್ತಿರ ಹೋಮ್‌ಸ್ಟೇ ನಡೆಸುವ ಒಬ್ಬರು ಗಂಡ ಹೆಂಡತಿ ಬಂದರು. ಇವರ ಹತ್ತಿರ ಕೊಂಡ ಪಟ್ಟಿ ಇಲ್ಲ, ತಮ್ಮಲ್ಲಿ ಉಳಿದು ಹೋದವರು ರಿಜಿಸ್ಟರಿನಲ್ಲಿ ತಾವೇ ಬರೆದ ವಿಳಾಸಗಳು. ಇದರಲ್ಲೇನು ತಪ್ಪು ಅಂತ, ಅಲ್ಲಿಯ ಅಣೆಕಟ್ಟಿನ ಹಿನ್ನೀರಿನ ಫೋಟೋ ಹಾಕಿ ಮತ್ತೆ ಬನ್ನಿ ಅಂತ ಎಲ್ಲರಿಗೂ ಕಳಿಸಿದೆ.

ಮೂರನೇ ದಿನ ಹೋಮ್‌ಸ್ಟೇಯವರು ಬೆವರುತ್ತಾ ಬಂದರು. ಹಿಂದಿನ ವರ್ಷ ಹಕ್ಕಿ ನೋಡಲು ಬಂದಿದ್ದ ಯುರೋಪಿನ ಹೆಂಗಸೊಬ್ಬರು ಉತ್ತರ ಬರೆದಿದ್ದರು. ಬಹಳ ವಿನಯದ ಕಾಗದ. ನಾನು ವಿಳಾಸ ಬರೆದದ್ದು ಕೋಣೆ ಕಾಯ್ದಿರಿಸಲು, ಜಾಹೀರಾತಿಗಲ್ಲ. ನಮ್ಮ ದೇಶದ ಕಾನೂನಿನ ಪ್ರಕಾರ ಕೇಳುತ್ತಿದ್ದೇನೆ, ನನ್ನ ಬಗ್ಗೆ ನಿಮ್ಮ ಹತ್ತಿರ ಏನೇನು ಮಾಹಿತಿ ಇದೆ, ಎಲ್ಲವನ್ನೂ ಒಂದು ತಿಂಗಳೊಳಗೆ ತಿಳಿಸಿ ಅಂತ.

ಗಂಡನಿಗೆ ಇದು ದೊಡ್ಡ ಬಲೆಯ ಹಾಗೆ ಕಂಡಿತ್ತು. ಏನೋ ಒಂದು ಹೇಳಿದರೆ ಅದನ್ನೇ ಹಿಡಿದು ಕೇಸು ಹಾಕ್ತಾರೆ, ಏನೂ ಇಲ್ಲ ಅಂದುಬಿಡೋಣ ಅಂದರು. ನಾನು ಮೇಲಿನ ಮಹಡಿಯವರನ್ನು ಕೇಳಿದೆ. ಇದ್ದದ್ದನ್ನ ಇದ್ದ ಹಾಗೆ ಬರೀರಿ, ಮುಚ್ಚಿಡಬೇಡಿ ಅಂದರು ವಕೀಲರು.

ಇದ್ದ ಹಾಗೆ ಅನ್ನುವ ಮಾತನ್ನು ಹೆಂಡತಿ ಬಹಳ ಗಂಭೀರವಾಗಿ ತಗೊಂಡರು. ಕಾನೂನು ಅಂದ ಮೇಲೆ ಒಂದೂ ಬಿಡಬಾರದು ಅಂತ ಅವರು ನೆನಪು ಮಾಡಿಕೊಂಡು ಹೇಳುತ್ತಾ ಹೋದರು, ನಾನು ಇಂಗ್ಲಿಷಿನಲ್ಲಿ ಬರೆಯುತ್ತಾ ಹೋದೆ. ಹೆಸರು, ದೇಶ, ಮೇಲ್ ವಿಳಾಸ ರಿಜಿಸ್ಟರಿನಲ್ಲಿದೆ. ಕಾಫಿಗೆ ಸಕ್ಕರೆ ಬೇಡ ಅನ್ನುತ್ತಿದ್ದರು, ಆದರೆ ಕೇಸರಿಬಾತು ಎರಡು ಸಲ ಹಾಕಿಸಿಕೊಂಡರು. ನೀರುದೋಸೆಯನ್ನು ಕರವಸ್ತ್ರದ ಹಾಗೆ ಮಡಚಿ ತಿಂದರು. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳ ಕಂಡರೆ ಹೆದರಿಕೆ. ಒಂದು ಬೂದು ಬಣ್ಣದ ಕಾಲುಚೀಲ ಬಿಟ್ಟು ಹೋಗಿದ್ದಾರೆ, ಒಗೆದು ಇಟ್ಟಿದೆ. ನಮ್ಮ ನಾಯಿಗೆ ದಿನಾ ಬಿಸ್ಕತ್ತು ಹಾಕುತ್ತಿದ್ದರು, ಅವರು ಹೋದ ಮೇಲೆ ಅದು ಎರಡು ದಿನ ಗೇಟಿನ ಹತ್ತಿರವೇ ಮಲಗಿತ್ತು. ಗಂಡ ತಲೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಕೊನೆಗೆ ಕ್ಷಮೆ ಕೇಳಿ, ಇವೆಲ್ಲವನ್ನೂ ಅಳಿಸಬೇಕೇ ಅಂತ ಬರೆದು ಕಳಿಸಿದೆವು.

ವಾರ ಕಳೆಯಿತು. ಗಂಡನಿಗೆ ಊಟ ಸೇರದು, ಗೇಟಿನ ಮುಂದೆ ಯಾವ ಕಾರು ನಿಂತರೂ ನೋಟಿಸೇ ಬಂತು ಅಂತ ಒಳಗೆ ಹೋಗುತ್ತಿದ್ದರಂತೆ. ಎಂಟನೇ ದಿನ ಉತ್ತರ ಬಂತು. ಎರಡೇ ಸಾಲು.

ವಿವರಗಳಿಗಾಗಿ ಧನ್ಯವಾದ. ನಾಯಿಯ ವಿಷಯ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಅಳಿಸಿ.

ನೂರು ಕುರ್ಚಿ

ಇಷ್ಟಾಗುವ ಹೊತ್ತಿಗೆ ಈ ವಿಷಯದಲ್ಲಿ ನನಗೇ ಬಹಳ ತಿಳಿದಿದೆ ಅಂತ ಊರಲ್ಲಿ ಸುದ್ದಿಯಾಗಿತ್ತು. ವರ್ತಕರ ಸಂಘವೊಂದರ ಕಾರ್ಯದರ್ಶಿಗಳು ಬಂದರು. ಸ್ಟೀಲು ಪಾತ್ರೆ ಅಂಗಡಿಯವರು, ಉತ್ಸಾಹದ ಮನುಷ್ಯ. ಕೇಳದವರಿಗೆ ಮೇಲ್ ಕಳಿಸುವುದರ ಕಾನೂನು ಮತ್ತು ಅಪಾಯ ಅಂತ ಸದಸ್ಯರಿಗೆ ಒಂದು ಉಪನ್ಯಾಸ ಇಡಿಸೋಣ, ಆಮಂತ್ರಣ ನೀವೇ ಕಳಿಸಿ ಅಂದರು.

ಈ ಸಲ ಒಂದು ತಪ್ಪೂ ಆಗಬಾರದು ಅಂತ ನಾನು ಹಟ ಹಿಡಿದೆ. ಸದಸ್ಯರೆಲ್ಲರ ಅಂಗಡಿಗೆ ನಾದಿನಿ ಖುದ್ದಾಗಿ ಹೋಗಿ, ಮೇಲ್ ಕಳಿಸಲು ಒಪ್ಪಿಗೆ ಇದೆ ಅಂತ ಸಹಿ ಹಾಕಿಸಿಕೊಂಡು ಬಂದಳು. ಇಬ್ಬರ ಸಹಿ ತಾಳೆಯಾಗಲಿಲ್ಲ ಅಂತ ಮತ್ತೊಮ್ಮೆ ಹೋಗಿ ಹಾಕಿಸಿದಳು. ನನ್ನ ಜೀವನದಲ್ಲಿ ಪೂರ್ತಿ ಕಾನೂನಿನ ಪ್ರಕಾರ ಹೋದ ಮೊದಲ ಮೇಲ್ ಅದು.

ಒಕ್ಕಣೆ ಮಾತ್ರ ಕಾರ್ಯದರ್ಶಿಗಳದ್ದು. ನಾನು ಉಪನ್ಯಾಸಕ್ಕೆ ಆಮಂತ್ರಣ ಅಂತ ಬರೆದಿದ್ದೆ. ಹಾಗಂದರೆ ಯಾರು ತೆಗೀತಾರೆ ಮಾರಾಯ್ರೆ ಅಂತ ಅದನ್ನು ಹೊಡೆದು, ತುರ್ತು, ನಿಮ್ಮ ವ್ಯಾಪಾರ ಅಪಾಯದಲ್ಲಿದೆ, ಭಾನುವಾರ ಹತ್ತೂವರೆಗೆ ತಪ್ಪದೆ ಬನ್ನಿ, ತಿಂಡಿ ಉಚಿತ ಅಂತ ಬರೆಸಿದರು. ಇದು ಮೋಸದವರ ಮೇಲ್ ಇದ್ದ ಹಾಗೇ ಇದೆಯಲ್ಲ ಅಂದೆ. ಜನಕ್ಕೆ ಆ ಭಾಷೆ ಅಭ್ಯಾಸ ಆಗಿದೆ ಅಂದರು.

ಭಾಷಣಕ್ಕೆ ಒಪ್ಪಿದ್ದವರು ಶಂಕರಘಟ್ಟದಲ್ಲಿ ಮನೆ ಮಾಡಿಕೊಂಡಿರುವ ನಿವೃತ್ತ ಕಾನೂನು ಪ್ರಾಧ್ಯಾಪಕರು. ಅವರಿಗೂ ಅದೇ ಮೇಲ್ ಹೋಯಿತು. ಓದಿ ಅವರಿಗೆ ನಾವು ನಿಜವಾದವರೋ ಅಲ್ಲವೋ ಅಂತ ಸಂಶಯ ಬಂತು. ಮೂರು ಸಲ ಫೋನ್ ಮಾಡಿದರು. ಕೊನೆಗೆ, ಆವತ್ತಿನ ಪೇಪರು ಕೈಯಲ್ಲಿ ಹಿಡಿದು ಕಾರ್ಯದರ್ಶಿಗಳು ಉಪನ್ಯಾಸದ ಸಭಾಂಗಣದೊಳಗೆ ನಿಂತ ಫೋಟೋ ಕಳಿಸಿ ಅಂದರು. ಕಾರ್ಯದರ್ಶಿಗಳು ಅಪಹರಣವಾದವರ ಹಾಗೆ ಗೋಡೆಗೆ ಬೆನ್ನು ಕೊಟ್ಟು ನಿಂತರು, ನಾನು ಫೋಟೋ ತೆಗೆದು ಕಳಿಸಿದೆ.

ಭಾನುವಾರ ಬಂತು. ನೂರು ಕುರ್ಚಿ ಹಾಕಿಸಿದ್ದರು. ಉಪ್ಪಿಟ್ಟು, ಕೇಸರಿಬಾತು ತಯಾರು. ಪ್ರಾಧ್ಯಾಪಕರು ಬಂದರು. ಮೈಕಿನವರು ಬಂದರು. ಹತ್ತೂವರೆ ಆಯಿತು, ಹನ್ನೊಂದಾಯಿತು, ಹನ್ನೊಂದೂಕಾಲು ಆಯಿತು. ಒಬ್ಬರೂ ಬರಲಿಲ್ಲ.

ಕಾರ್ಯದರ್ಶಿಗಳ ಮುಖ ನೋಡಲಾಗುತ್ತಿರಲಿಲ್ಲ. ಸಂಘದಲ್ಲಿ ಅವರು ಮುಂದಾಳಾಗಿ ಮಾಡಿಸಿದ ಮೊದಲ ಕಾರ್ಯಕ್ರಮ ಅದು. ಮೂಲೆಗೆ ಹೋಗಿ, ತಮ್ಮ ಹತ್ತಿರದ ಸ್ನೇಹಿತರಾದ ಬಟ್ಟೆ ಅಂಗಡಿಯವರಿಗೆ ಫೋನ್ ಮಾಡಿದರು. ನಾನು ಕಣೋ, ಕಾರ್ಯದರ್ಶಿ ಮಾತಾಡ್ತಿರೋದು, ಯಾಕೆ ಯಾರೂ ಬಂದಿಲ್ಲ ಅಂದರು. ಆ ಕಡೆಯವರು ಏನೋ ಅಂದರು. ಇವರು ಫೋನನ್ನು ಕಿವಿಯಿಂದ ತೆಗೆದು ಅದನ್ನೇ ನೋಡುತ್ತಾ ನಿಂತರು. ಏನಂತೆ ಅಂತ ಕೇಳಿದೆ.

"ನಮ್ಮ ಕಾರ್ಯದರ್ಶಿ ದನಿ ಚೆನ್ನಾಗಿ ಮಾಡ್ತೀಯ, ಈಗ ಕಂಪ್ಯೂಟರ್‌ನಲ್ಲಿ ಎಲ್ಲ ಬರುತ್ತೆ ಅಂತ ಗೊತ್ತು, ಇಡು ಫೋನು ಅಂದ."

ಒಕ್ಕಣೆ ನೋಡಿ ಇಡೀ ಸಂಘದಲ್ಲಿ ಆ ಮೇಲ್ ಮೋಸದ್ದು ಅಂತ ಹಬ್ಬಿತ್ತು. ಒಬ್ಬರಿಗೊಬ್ಬರು ಎಚ್ಚರಿಕೆ ಹೇಳಿಕೊಂಡು, ಎಲ್ಲರೂ ಜಾಗ್ರತೆಯಾಗಿ ಮನೆಯಲ್ಲಿ ಕೂತಿದ್ದರು. ನಾದಿನಿಗೆ ಮಾತ್ರ ಸಂತೋಷವಾದ ಹಾಗಿತ್ತು. ಊರು ಸುಧಾರಿಸಿದೆ ಅತ್ತಿಗೆ ಅಂದಳು.

ಪ್ರಾಧ್ಯಾಪಕರು ಕಾಗದ ಮಡಚಿ ಚೀಲಕ್ಕೆ ಹಾಕುತ್ತಿದ್ದಾಗ ಬಾಗಿಲಲ್ಲಿ ಒಬ್ಬರು ಕಂಡರು. ಕಾರ್ಯದರ್ಶಿಗಳು ಓಡಿ ಹೋಗಿ ಕೈ ಹಿಡಿದು ಕರಕೊಂಡು ಬಂದು ಮೊದಲ ಸಾಲಿನಲ್ಲಿ ಕೂರಿಸಿದರು. ನಾದಿನಿ ಗುಲಾಬಿ ಕೊಟ್ಟಳು. ಆಮೇಲೆ ನೋಡಿದರೆ ಅವರು ಖಾಕಿ ಬಟ್ಟೆಯಲ್ಲಿದ್ದರು. ಹೆಡ್ ಕಾನ್‌ಸ್ಟೇಬಲ್ಲು. ಗುಲಾಬಿಯನ್ನು ಏನು ಮಾಡುವುದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಹೇಳಿದರು, "ಇಲ್ಲಿ ಯಾರೋ ಮೇಲ್ ಕಳಿಸಿ, ಹೆದರಿಸಿ, ತಿಂಡಿ ಆಸೆ ತೋರಿಸಿ ವ್ಯಾಪಾರಸ್ಥರನ್ನ ಸೇರಿಸ್ತಿದ್ದಾರೆ ಅಂತ ದೂರು ಬಂದಿದೆ. ವಿಚಾರಿಸೋಕೆ ಬಂದೆ."

ನಾನು ಒಪ್ಪಿಗೆಯ ಸಹಿಗಳಿದ್ದ ಕಟ್ಟನ್ನು ಎದೆಗೆ ಒತ್ತಿಕೊಂಡು ಮುಂದೆ ಹೋದೆ. ಒಂದೊಂದೇ ತೋರಿಸಿದೆ. ಅವರು ಒಂದೊಂದನ್ನೂ ಎರಡು ಸಲ ನೋಡಿದರು. ನಾದಿನಿ ಪಕ್ಕದಲ್ಲಿ ನಿಂತು, ಎಲ್ಲ ತಾಳೆಯಾಗಿದೆ ಅಂತ ಸಾಕ್ಷಿ ಹೇಳಿದಳು. ಎಲ್ಲ ಸರಿ ಇದೆ ಅಂತ ಕಾಣುತ್ತೆ, ಆದರೆ ಉಪನ್ಯಾಸ ನಿಜವಾಗಿ ಇತ್ತು ಅಂತ ನಾನು ಹೇಗೆ ಬರೆಯಲಿ ಅಂತ ಅವರು ಕೇಳಿದರು.

ಅದಕ್ಕೇನು ಅಂತ ಪ್ರಾಧ್ಯಾಪಕರು ಕಾಗದ ಮತ್ತೆ ಹೊರಗೆ ತೆಗೆದರು. ಮೈಕಿನವರು ಮೈಕು ಹಾಕಿದರು. ಕಾರ್ಯದರ್ಶಿಗಳು, ನೆರೆದಿರುವ ಎಲ್ಲರಿಗೂ ಸ್ವಾಗತ ಅಂದರು. ಒಂದು ಗಂಟೆ ಭಾಷಣ ಆ ಒಬ್ಬರಿಗೆ ಆಯಿತು. ಅವರು ಅಲ್ಲಾಡದೆ ಕೇಳಿದರು. ಪ್ರಶ್ನೆಗಳಿದ್ದರೆ ಕೇಳಬಹುದು ಅಂದಾಗ, ನಮ್ಮ ಮನೆಯವಳಿಗೆ ದಿನಾ ಸೀರೆ ಅಂಗಡಿಯವರ ಮೇಲ್ ಬರುತ್ತೆ, ಅದನ್ನ ನಿಲ್ಲಿಸೋಕೆ ಆಗುತ್ತಾ ಅಂತ ಕೇಳಿದರು. ನಿಲ್ಲಿಸಬಹುದು, ಆದರೆ ನಿಮ್ಮ ಮನೆಯವರ ಒಪ್ಪಿಗೆ ಬೇಕು ಅಂದರು ಪ್ರಾಧ್ಯಾಪಕರು. ಅದು ಸಿಗಲ್ಲ ಬಿಡಿ ಅಂತ ಅವರು ಕೂತರು. ವಂದನಾರ್ಪಣೆಯಲ್ಲಿ ಕಾರ್ಯದರ್ಶಿಗಳು ಹೆಡ್ ಕಾನ್‌ಸ್ಟೇಬಲ್ಲರ ಹೆಸರೊಂದನ್ನೇ ಮೂರು ಸಲ ಹೇಳಿದರು.

ಉಪ್ಪಿಟ್ಟು ತಿಂದು ಕೈ ತೊಳೆದುಕೊಂಡು, ಕಿಟಕಿಯ ಹತ್ತಿರ ನಿಂತು ಅವರು ಪುಸ್ತಕದಲ್ಲಿ ವರದಿ ಬರೆಯತೊಡಗಿದರು. ಕಾರ್ಯದರ್ಶಿಗಳು, ಪ್ರಾಧ್ಯಾಪಕರು, ನಾನು, ನಾದಿನಿ, ನಾಲ್ಕೂ ಜನ ಸುತ್ತ ನಿಂತಿದ್ದೆವು. ಏನು ಬರೆದಿದ್ದೀರಿ ಸಾರ್ ಅಂತ ಕಾರ್ಯದರ್ಶಿಗಳೇ ಕೇಳಿದರು. ಅವರು ಗಂಟಲು ಸರಿಮಾಡಿಕೊಂಡು ಓದಿ ಹೇಳಿದರು.

"ದೂರಿನ ಮೇರೆಗೆ ಸ್ಥಳಕ್ಕೆ ಹೋಗಿ ಪರಿಶೀಲಿಸಲಾಗಿ, ಸದರಿ ಸ್ಥಳದಲ್ಲಿ ನೂರು ಕುರ್ಚಿ, ಒಂದು ಮೈಕು ಹಾಗೂ ಉಪ್ಪಿಟ್ಟು ಕಂಡುಬಂದಿರುತ್ತದೆ. ಮೋಸ ಮಾಡುವವರು ಯಾರೂ ಕಂಡುಬಂದಿರುವುದಿಲ್ಲ. ಮೋಸ ಹೋಗಲು ಸಹ ಯಾರೂ ಬಂದಿರುವುದಿಲ್ಲ."